ಹಾರ, ಶಾಲು ಮತ್ತು ಎರಡು ಖಂಡುಗ ಮಣ್ಣು

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಕಲ್ಲೊಂದರ ಮೇಲೆ ನಾಯಿಯೂ ಕಾಡುಹಂದಿಯೂ ಕಾದಾಡುತ್ತಿವೆ. ನಾಯಿಯ ಹೆಸರು ಕಾಳಿ. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ನಿಂತು ಚೋಳ ರಾಜಾದಿತ್ಯನನ್ನು ಕೊಂದವನು ಗಂಗರ ಬೂತುಗ. ಆ ಕಾಳಗದಲ್ಲಿ ತನ್ನ ಬಂಟ ಮಣಲೇರ ತೋರಿದ ಶೌರ್ಯಕ್ಕೆ ಮೆಚ್ಚಿ ಬೂತುಗ ಬೇಕಾದುದನ್ನು ಕೇಳೆಂದ. ಮಣಲೇರ ಕೇಳಿದ್ದು ಈ ನಾಯಿಯನ್ನು. ಮುಂದೊಂದು ದಿನ ಕಾಳಿಯನ್ನು ಹಂದಿಯ ಮೇಲೆ ಬಿಟ್ಟರು, ಎರಡೂ ಸತ್ತವು. ನಾಯಿಗಾಗಿ ದೇವಾಲಯದ ಮುಂದೆ ಕಲ್ಲು ನೆಟ್ಟರು. ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಊರಿನ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ಆ ಕಲ್ಲಿಗೆ ಬಿಟ್ಟುಕೊಟ್ಟರು (ಖಂಡುಗ ಎಂದರೆ ಬಿತ್ತುವ ಬೀಜದ ಲೆಕ್ಕದಲ್ಲಿ ನೆಲ ಅಳೆಯುವ ಹಳೆಯ ಅಳತೆ). ಆ ಭೂಮಿಯನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಗಲುತ್ತದೆ ಎಂದು ಬರೆಸಿದರು. ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನಮ್ಮ ಶಾಸನಗಳಲ್ಲಿ ಇಂಥ ಕೊಡುಗೆಗಳಿಗೆ ಹೆಸರುಗಳೇ ಇವೆ: ನೆತ್ತರುಗೊಡಗೆ, ಬಾಳ್ಗಚ್ಚು, ಕಲ್ನಾಡು. ರಕ್ತ ಸುರಿಸಿದವನಿಗೆ, ಕತ್ತಿ ತೊಳೆಯುವ ವಿಧಿಯಿಂದ ಗೌರವ ಪಡೆದವನಿಗೆ, ತುರು ಕಾಯಲು ಹೋಗಿ ಬಿದ್ದವನ ಮನೆಯವರಿಗೆ ಕೊಟ್ಟ ನೆಲ. ಅಂದಿನ ರಾಜರು ನಮಗಿಂತ ಒಳ್ಳೆಯವರಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಆ ಕಾದಾಟಗಳಲ್ಲಿ ಸತ್ತ ಎಷ್ಟೋ ಜನರಿಗೆ ಕಲ್ಲೂ ಸಿಗಲಿಲ್ಲ, ನೆಲವೂ ಸಿಗಲಿಲ್ಲ. ಆದರೆ ವೀರನೆಂದು ಒಪ್ಪಿಕೊಂಡವನ ವಿಷಯದಲ್ಲಿ ಹೊಗಳಿಕೆಯ ಪಕ್ಕದಲ್ಲೇ ಒಂದು ಏರ್ಪಾಡನ್ನೂ ಬರೆದಿಟ್ಟರು: ಎಷ್ಟು ನೆಲ, ಎಲ್ಲಿಯದು, ಯಾರ ಹೊಣೆ. ಪೊಲೀಸರು, ಸೈನಿಕರು, ಶಿಕ್ಷಕರ ವಿಷಯದಲ್ಲಿ ನಮ್ಮ ಕಾಲ ಮಾಡುತ್ತಿರುವುದನ್ನು ಅರ್ಥಮಾಡಿಕೊಳ್ಳಲು ಈ ಕಲ್ಲು ನನಗೆ ಅಳತೆಗೋಲಾಗಿದೆ. ನಾವು ಕಲ್ಲು ನೆಡುತ್ತೇವೆ. ಮಣ್ಣಿನ ಮಾತು ಬಂದಾಗ ತಡವರಿಸುತ್ತೇವೆ.

ಅದೇ ಮದ್ದೂರು ತಾಲ್ಲೂಕು, 2019ರ ಫೆಬ್ರುವರಿ 16. ಎರಡು ದಿನಗಳ ಹಿಂದೆ ಪುಲ್ವಾಮಾದಲ್ಲಿ ನಡೆದ ದಾಳಿಯಲ್ಲಿ ಸಿಆರ್‌ಪಿಎಫ್‌ನ 40 ಮಂದಿ ಸತ್ತಿದ್ದರು, ಅವರಲ್ಲಿ ಗುಡಿಗೆರೆಯ ಗುರು ಒಬ್ಬರು. ಪಾರ್ಥಿವ ಶರೀರ ಬೆಂಗಳೂರಿನಿಂದ ಬರುವಾಗ ಹೆದ್ದಾರಿಯ ಇಕ್ಕೆಲಗಳಲ್ಲಿ ಜನ ನಿಂತಿದ್ದರು. ಮೆಳ್ಳಹಳ್ಳಿಯಲ್ಲಿ ನಡೆದ ಅಂತ್ಯಕ್ರಿಯೆಗೆ ಸೇರಿದ ಜನಸಾಗರವನ್ನು ಮಂಡ್ಯದವರು ಮರೆತಿಲ್ಲ. ಅವತ್ತಿನ ಕಣ್ಣೀರು ನಿಜವಾದದ್ದು. ಅದರ ಬಗ್ಗೆ ಯಾರೂ ಅನುಮಾನಪಡಬೇಕಾಗಿಲ್ಲ.

ಆದರೆ ಅವತ್ತು ನಾವೆಲ್ಲರೂ ಬಳಸಿದ ಎರಡು ಪದಗಳನ್ನು ಸ್ವಲ್ಪ ನಿಂತು ನೋಡಬೇಕು. ಒಂದು 'ಹುತಾತ್ಮ'. ಸೇನೆಯಲ್ಲಾಗಲಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಾಗಲಿ ಈ ಅರ್ಥದ ಪದವನ್ನು ಅಧಿಕೃತವಾಗಿ ಬಳಸುವುದಿಲ್ಲ ಎಂದು ಕೇಂದ್ರ ಸರ್ಕಾರ ಸಂಸತ್ತಿನಲ್ಲೇ ಹೇಳಿದೆ. ಕಡತದಲ್ಲಿ ಇರುವುದು ಕಾರ್ಯಾಚರಣೆಯಲ್ಲಿ ಸಂಭವಿಸಿದ ಸಾವು ಎಂಬರ್ಥದ ಒಣ ಪದಗಳು. ಇನ್ನೊಂದು 'ಸೈನಿಕ'. ನಮ್ಮ ಕಣ್ಣಿಗೆ ಹಸಿರು ಸಮವಸ್ತ್ರ ತೊಟ್ಟು ಕಾಶ್ಮೀರದಲ್ಲಿ ಬಂದೂಕು ಹಿಡಿದವರೆಲ್ಲ ಸೈನಿಕರೇ. ಕಾನೂನಿನ ಕಣ್ಣಿಗೆ ಹಾಗಲ್ಲ. ಭೂಸೇನೆ, ನೌಕಾಪಡೆ, ವಾಯುಪಡೆ ರಕ್ಷಣಾ ಸಚಿವಾಲಯದ ಕೆಳಗೆ ಬರುತ್ತವೆ. ಸಿಆರ್‌ಪಿಎಫ್, ಬಿಎಸ್‌ಎಫ್ ಮುಂತಾದವು ಗೃಹ ಸಚಿವಾಲಯದ ಕೆಳಗಿನ ಪೊಲೀಸ್ ಪಡೆಗಳು. ಈ ಒಂದು ಗೆರೆಯಿಂದ ಮನೆಯ ಲೆಕ್ಕವೇ ಬದಲಾಗುತ್ತದೆ. 2004ರ ಜನವರಿ 1ರ ನಂತರ ಕೇಂದ್ರ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಹಳೆಯ ನಿಶ್ಚಿತ ಪಿಂಚಣಿ ಹೋಗಿ ಹೊಸ ಪಿಂಚಣಿ ಯೋಜನೆ ಬಂತು. ಸೇನೆಗೆ ಅದರಿಂದ ವಿನಾಯಿತಿ ಸಿಕ್ಕಿತು, ಅರೆಸೇನಾ ಪಡೆಗಳಿಗೆ ಸಿಗಲಿಲ್ಲ. 2023ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಇವರಿಗೂ ಹಳೆಯ ಪಿಂಚಣಿ ಅನ್ವಯಿಸಬೇಕೆಂದು ಹೇಳಿತು. ಆ ವರ್ಷವೇ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು.

ಇಲ್ಲಿ ಒಂದು ಸ್ಪಷ್ಟನೆ ಬೇಕು. ಕಾರ್ಯಾಚರಣೆಯಲ್ಲಿ ಸತ್ತವರ ಕುಟುಂಬಕ್ಕೆ ಪರಿಹಾರಧನವೂ ವಿಶೇಷ ಕುಟುಂಬ ಪಿಂಚಣಿಯೂ ಇವೆ. ಪ್ರಶ್ನೆ ಇರುವುದು ಬದುಕಿ ಉಳಿದು, ಇಪ್ಪತ್ತು ಇಪ್ಪತ್ತೈದು ವರ್ಷ ಕಾಡು, ಮರಳು, ಹಿಮ ಸುತ್ತಿ, ಮಂಡಿನೋವಿನೊಂದಿಗೆ ಊರಿಗೆ ಮರಳಿದವರದ್ದು. ಸತ್ತಾಗ ಹೆದ್ದಾರಿಯುದ್ದಕ್ಕೂ ನಿಲ್ಲುವ ನಾವು, ಅವರು ಬದುಕಿ ಬಂದಾಗ ತಾಲ್ಲೂಕು ಕಚೇರಿಯ ಸರದಿಯಲ್ಲಿ ನಮ್ಮ ಮುಂದೆ ನಿಂತಿರುವುದನ್ನೂ ಗುರುತಿಸುವುದಿಲ್ಲ.

2022ರ ಜೂನ್‌ನಲ್ಲಿ ಘೋಷಣೆಯಾದ ಸೇನಾ ನೇಮಕಾತಿ ಯೋಜನೆ ಅಗ್ನಿಪಥ ಈ ಅಂತರವನ್ನು ಇನ್ನಷ್ಟು ಹಿಗ್ಗಿಸಿದೆ. ನಾಲ್ಕು ವರ್ಷದ ಸೇವೆ. ನೂರರಲ್ಲಿ ಇಪ್ಪತ್ತೈದು ಮಂದಿಯವರೆಗೆ ಖಾಯಂ. ಉಳಿದವರ ಕೈಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ, ಪಿಂಚಣಿ ಇಲ್ಲ. ಅಗ್ನಿವೀರ. ಹೆಸರಿನಲ್ಲೇ ವೀರ ಪದವಿದೆ. ಕಲ್ಲು ಮೊದಲೇ ಸಿದ್ಧವಾಗಿದೆ, ಮಣ್ಣನ್ನು ಮಾತ್ರ ಕಡಿಮೆ ಮಾಡಿದ್ದಾರೆ. ಸೇನೆಯ ವಯೋಮಾನ ಇಳಿಸಬೇಕು, ಪಿಂಚಣಿಯ ಭಾರ ತಗ್ಗಿಸಬೇಕು ಎಂಬ ವಾದಗಳಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಆ ಚರ್ಚೆಯನ್ನು ಲೆಕ್ಕದ ಭಾಷೆಯಲ್ಲೇ ಮಾಡಬೇಕು. 'ದೇಶಸೇವೆಗೆ ಹೋದವನು ಪಿಂಚಣಿ ಕೇಳುವುದೇ' ಎಂಬ ಮಾತು ಬಂದ ಕೂಡಲೇ ಲೆಕ್ಕ ಕೇಳುವವನ ಬಾಯಿ ಮುಚ್ಚಿಹೋಗುತ್ತದೆ.

ಈ ಬಾಯಿ ಮುಚ್ಚಿಸುವಿಕೆಯೇ ಇಡೀ ವಿಷಯದ ತಿರುಳು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಸ್ಟ್ಯಾನ್ಲಿ ಮತ್ತು ಆರನ್ ಕೇ ಎಂಬ ಸಂಶೋಧಕರು ಶಿಕ್ಷಕರು, ದಾದಿಯರು, ಮಾಜಿ ಸೈನಿಕರಂಥವರ ಬಗ್ಗೆ ಜನರ ಮನೋಭಾವವನ್ನು ಅಧ್ಯಯನ ಮಾಡಿದ್ದಾರೆ. ಒಂದು ವೃತ್ತಿಯವರನ್ನು ವೀರರೆಂದು ಕಂಡಷ್ಟೂ, ಸಂಬಳವಿಲ್ಲದ ಹೆಚ್ಚುವರಿ ಕೆಲಸವನ್ನು ಅವರು ತಾವಾಗಿಯೇ ಒಪ್ಪಿಕೊಳ್ಳುತ್ತಾರೆ ಎಂದು ಜನ ಭಾವಿಸಿಕೊಳ್ಳುತ್ತಾರೆ. ಹಾಗೆ ಭಾವಿಸಿದ ಮೇಲೆ ಅವರನ್ನು ದುಡಿಸಿಕೊಳ್ಳುವುದು ತಪ್ಪೆನಿಸುವುದಿಲ್ಲ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕಚೇರಿ ಕನ್ನಡದ ಒಂದು ಪದ: ಗೌರವಧನ. ಗುಮಾಸ್ತನಿಗೆ ಸಂಬಳ, ಕಾರ್ಮಿಕನಿಗೆ ಕೂಲಿ, ಅಧಿಕಾರಿಗೆ ವೇತನ. ಅತಿಥಿ ಶಿಕ್ಷಕಿಗೆ, ಅಂಗನವಾಡಿ ಕಾರ್ಯಕರ್ತೆಗೆ ಗೌರವಧನ. ಸಂಬಳವಾದರೆ ವೇತನ ಶ್ರೇಣಿ, ರಜೆ, ಭವಿಷ್ಯನಿಧಿ ಎಲ್ಲವನ್ನೂ ಕೇಳಬಹುದು. ಗೌರವ ಕೊಟ್ಟವರ ಹತ್ತಿರ ಏನು ಕೇಳುವುದು?

ಈಗ ಪೊಲೀಸರ ಕಡೆಗೆ ಬರೋಣ. ಮೂವರಲ್ಲಿ ಇವರದ್ದೇ ಹೆಚ್ಚು ತೊಡಕಿನ ಕಥೆ.

2025ರ ಜಂಬೂಸವಾರಿಯ ಮಧ್ಯಾಹ್ನ ನಾನು ಸಯ್ಯಾಜಿರಾವ್ ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯ ಬಾಯಲ್ಲಿ, ಬ್ಯಾರಿಕೇಡ್ ಹಿಂದೆ ನಿಂತಿದ್ದೆ. ಎದುರಿಗೆ ಒಬ್ಬ ಕಾನ್‌ಸ್ಟೆಬಲ್. ಮಾತಿನ ಧಾಟಿ ಉತ್ತರ ಕರ್ನಾಟಕದ್ದು. ಬಂದೋಬಸ್ತ್‌ಗೆಂದು ಬೇರೆ ಜಿಲ್ಲೆಯಿಂದ ಬಂದವರು. ಪಕ್ಕದಲ್ಲಿ ಒಬ್ಬ ಗೃಹರಕ್ಷಕಿ. ಬಿಸಿಲು ಇಳಿಯುವವರೆಗೂ ಆತ ಕುಳಿತದ್ದನ್ನು ನಾನು ನೋಡಲಿಲ್ಲ. ನಾಲ್ಕು ಗಂಟೆಯ ಸುಮಾರಿಗೆ ಕಾಗದದ ಪೊಟ್ಟಣ ಬಿಚ್ಚಿ, ತಣ್ಣಗಾದ ಪುಳಿಯೋಗರೆಯನ್ನು ನಿಂತೇ ತಿಂದರು, ಅರ್ಧವನ್ನು ಗೃಹರಕ್ಷಕಿಗೆ ಕೊಟ್ಟರು. ಕಂಬಿಯ ಮೇಲೆ ಹತ್ತಿದ ಹುಡುಗನನ್ನು ಇಳಿಸಿದಾಗ ಅವನ ತಂದೆ ಏಕವಚನದಲ್ಲಿ ಬೈದ. ಆತ ಏನೂ ಹೇಳಲಿಲ್ಲ. ಕೊನೆಗೆ ಅಂಬಾರಿ ಬಂತು. ಜನ ಕೈಮುಗಿದರು, ಸಾವಿರ ಮೊಬೈಲ್‌ಗಳು ಮೇಲೆದ್ದವು. ಆ ಕಾನ್‌ಸ್ಟೆಬಲ್‌ನ ಬೆನ್ನು ಆನೆಯ ಕಡೆಗಿತ್ತು, ಮುಖ ನಮ್ಮ ಕಡೆಗಿತ್ತು. ಅಷ್ಟು ದೂರದಿಂದ ದಸರೆಗೆ ಬಂದವರು ಅಂಬಾರಿಯನ್ನು ನೋಡಲಿಲ್ಲ, ನಮ್ಮನ್ನು ನೋಡುತ್ತಿದ್ದರು.

ಸೈನಿಕ ದೂರದಲ್ಲಿದ್ದಾನೆ. ಅವನ ಬಂದೂಕು ತಿರುಗಿರುವುದು ಆಚೆ ಕಡೆಗೆ. ಪೊಲೀಸರ ಮುಖ ತಿರುಗಿರುವುದು ನಮ್ಮ ಕಡೆಗೆ. ನಾವು ಅವರನ್ನು ಕಾಣುವುದು ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದಾಗ, ಕಳವಾದಾಗ, ಅಪಘಾತವಾದಾಗ, ಗಲಾಟೆಯಾದಾಗ. ಕಾವೇರಿ ನೀರಿಗಾಗಿ ಮಂಡ್ಯದ ಸಂಜಯ ವೃತ್ತದಲ್ಲಿ ರೈತರು ಹೆದ್ದಾರಿ ತಡೆದಾಗ ಎದುರಿಗೆ ಲಾಠಿ ಹಿಡಿದು ನಿಂತವರ ಪೈಕಿ ಎಷ್ಟೋ ಮಂದಿ ಕಬ್ಬು, ಭತ್ತ ಬೆಳೆಯುವವರ ಮಕ್ಕಳೇ. ಆದರೂ ಆ ಹೊತ್ತಿನಲ್ಲಿ ಅವರು ನಮ್ಮವರಲ್ಲ.

ಈ ದೂರಕ್ಕೆ ಇತಿಹಾಸವೂ ಇದೆ. 1857ರ ದಂಗೆಯ ಬೆನ್ನಲ್ಲೇ ಬ್ರಿಟಿಷರು 1861ರಲ್ಲಿ ಮಾಡಿದ ಪೊಲೀಸ್ ಕಾಯ್ದೆಯ ಮುಖ್ಯ ಉದ್ದೇಶ ಜನರನ್ನು ಅಂಕೆಯಲ್ಲಿಡುವುದಾಗಿತ್ತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧಾಜ್ಞೆ ಮುರಿದು ತ್ರಿವರ್ಣ ಧ್ವಜ ಹಾರಿಸಲು ಹೋದವರನ್ನು ಬಂಧಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರು. ಅಲ್ಲಿ ಇಂದು ಸತ್ಯಾಗ್ರಹ ಸೌಧ ಇದೆ. ಮೈಸೂರು ರಾಜ್ಯ 1963ರಲ್ಲಿ ತನ್ನದೇ ಪೊಲೀಸ್ ಕಾಯ್ದೆ ಮಾಡಿಕೊಂಡರೂ ಪಡೆಯ ಹಳೆಯ ಅಚ್ಚು ಪೂರ್ತಿ ಕರಗಲಿಲ್ಲ. ಠಾಣೆಯ ಮೆಟ್ಟಿಲು ಹತ್ತಬಾರದು ಎಂದು ನಮ್ಮ ಹಳ್ಳಿಗಳಲ್ಲಿ ಹಿರಿಯರು ಹೇಳುವಾಗ ಅದರಲ್ಲಿ ಮೂರು ನಾಲ್ಕು ತಲೆಮಾರಿನ ಅನುಭವವಿದೆ.

ಪ್ರತಿ ವರ್ಷ ಅಕ್ಟೋಬರ್ 21ರಂದು ಪೊಲೀಸ್ ಸಂಸ್ಮರಣಾ ದಿನ ನಡೆಯುತ್ತದೆ. 1959ರ ಅದೇ ದಿನ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಾ ಸೈನಿಕರ ಗುಂಡಿಗೆ 10 ಮಂದಿ ಪೊಲೀಸರು ಬಲಿಯಾದರು. ಆಗಸ್ಟ್ 15, ಜನವರಿ 26 ಮಕ್ಕಳಿಗೆಲ್ಲ ಗೊತ್ತು. ಈ ದಿನ ಪೊಲೀಸ್ ವಸತಿಗೃಹಗಳ ಆಚೆಗೆ ಎಷ್ಟು ಜನರಿಗೆ ಗೊತ್ತು? ಮೈಸೂರಿಗಂತೂ ಇದು ತೀರ ಹತ್ತಿರದ ನೋವು. 1992ರ ಮೇ ತಿಂಗಳಲ್ಲಿ ವೀರಪ್ಪನ್ ತಂಡ ರಾಮಾಪುರ ಠಾಣೆಗೆ ನುಗ್ಗಿ 5 ಮಂದಿ ಪೊಲೀಸರನ್ನು ಕೊಂದಿತು. ಅದೇ ಆಗಸ್ಟ್ 14ರಂದು ಮೀಣ್ಯಂ ಬಳಿ ಹೊಂಚುಹಾಕಿ ಮೈಸೂರು ಜಿಲ್ಲೆಯ ಎಸ್‌ಪಿ ಟಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ನಾಲ್ವರು ಪೊಲೀಸರನ್ನು ಕೊಂದಿತು. ಆಗ ಆ ಪ್ರದೇಶ ಮೈಸೂರು ಜಿಲ್ಲೆಯಲ್ಲೇ ಇತ್ತು. ಅಧಿಕಾರಿಗಳಿಬ್ಬರ ಹೆಸರು ಹಿರಿಯ ಮೈಸೂರಿಗರ ಬಾಯಲ್ಲಿ ಇನ್ನೂ ಇದೆ. ಜೊತೆಗೆ ಸತ್ತ ನಾಲ್ವರ ಹೆಸರು ಯಾರ ಬಾಯಲ್ಲೂ ಇಲ್ಲ. ವೀರತ್ವದಲ್ಲೂ ದರ್ಜೆಗಳಿವೆ.

ಇದೇ ಕಾಡಿನ ಕಥೆಗೆ ಇನ್ನೊಂದು ಮಗ್ಗುಲಿದೆ, ಅದನ್ನು ಹೇಳದೆ ಮುಂದೆ ಹೋದರೆ ನಾನು ಅಪ್ರಾಮಾಣಿಕನಾಗುತ್ತೇನೆ. ವೀರಪ್ಪನ್ ಬೇಟೆಯ ಹೆಸರಿನಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಗರ ಮೇಲೆ ಚಿತ್ರಹಿಂಸೆ ನಡೆದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು. ಮೀಣ್ಯಂನಲ್ಲಿ ಸತ್ತ ಪೊಲೀಸರ ತ್ಯಾಗವೂ ನಿಜ, ಆ ಹಳ್ಳಿಗರ ಮೈಮೇಲಿನ ಗಾಯವೂ ನಿಜ. 'ಪೊಲೀಸರು ನಮ್ಮ ವೀರರು' ಎಂದು ಇಡೀ ಇಲಾಖೆಗೆ ಒಂದೇ ಹಾರ ಹಾಕಿದರೆ ಎರಡನೆಯ ಸತ್ಯವನ್ನು ಕೇಳುವವನು ದ್ರೋಹಿಯಾಗುತ್ತಾನೆ. ಅಂದರೆ ಈ ಹಾರ ಎರಡು ಕಡೆಯೂ ಬಿಗಿಯುತ್ತದೆ. ಪೊಲೀಸರು ತಮ್ಮ ಕಷ್ಟ ಹೇಳದಂತೆ ತಡೆಯುತ್ತದೆ, ಜನ ಪೊಲೀಸರನ್ನು ಪ್ರಶ್ನಿಸದಂತೆಯೂ ತಡೆಯುತ್ತದೆ.

ಕಷ್ಟ ಹೇಳದಂತೆ ಎಂದೆ. ಅದು ಬರಿಯ ಮಾತಲ್ಲ, ಕಾನೂನೇ ಇದೆ. ಸಶಸ್ತ್ರ ಪಡೆಗಳ, ಪೊಲೀಸರ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸುವ ಅಧಿಕಾರವನ್ನು ಸಂವಿಧಾನದ 33ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಅದರ ಆಧಾರದ ಮೇಲೆ 1966ರಲ್ಲಿ ಬಂದ ಕಾಯ್ದೆಯಂತೆ ಪೊಲೀಸರು ಅನುಮತಿಯಿಲ್ಲದೆ ಸಂಘ ಕಟ್ಟುವಂತಿಲ್ಲ. ಆಯುಧ ಹಿಡಿದ ಪಡೆ ಮುಷ್ಕರ ಹೂಡಿದರೆ ಏನಾದೀತು ಎಂಬ ಭಯಕ್ಕೆ ಅರ್ಥವಿದೆ. ಆದರೆ ಸಂಘದ ಬಾಗಿಲು ಮುಚ್ಚಿದ ಸರ್ಕಾರ ಬೇರೆ ಕಿಟಕಿಯನ್ನಾದರೂ ತೆರೆದಿಡಬೇಕಲ್ಲವೇ? 2016ರ ಜೂನ್ 4ರಂದು ಕರ್ನಾಟಕದ ಕಾನ್‌ಸ್ಟೆಬಲ್‌ಗಳು ಸಾಮೂಹಿಕ ರಜೆ ಹಾಕುವುದಾಗಿ ಹೇಳಿದಾಗ ಅವರು ಕೇಳಿದ್ದು ಒಳ್ಳೆಯ ಸಂಬಳ, ವಾರದ ರಜೆ, ಮೇಲಧಿಕಾರಿಗಳ ಕಿರುಕುಳದಿಂದ ಬಿಡುಗಡೆ. ಮುಂದಾಳತ್ವ ವಹಿಸಿದ್ದವರ ಮೇಲೆ ದೇಶದ್ರೋಹದ ಆರೋಪ ಹೊರಿಸಿ ಬಂಧಿಸಲಾಯಿತು. ವಾರಕ್ಕೊಂದು ರಜೆ ಕೇಳಿದವರ ವಿಷಯದಲ್ಲಿ ಮಾತು ದೇಶದ್ರೋಹದವರೆಗೆ ಹೋಯಿತು. ಅದೇ ವರ್ಷ ಹಿರಿಯ ಪೊಲೀಸ್ ಅಧಿಕಾರಿ ರಾಘವೇಂದ್ರ ಔರಾದ್ಕರ್ ಅವರ ನೇತೃತ್ವದ ಸಮಿತಿ ವೇತನ ಪರಿಷ್ಕರಣೆಗೆ ಶಿಫಾರಸು ಮಾಡಿತು. ಜಾರಿಗೆ ಬಂದದ್ದು 2019ರಲ್ಲಿ.

ಅಂದು ಪುಳಿಯೋಗರೆ ಹಂಚಿಕೊಂಡ ಆ ಗೃಹರಕ್ಷಕಿಯ ಬಗ್ಗೆಯೂ ಒಂದು ಮಾತು. ಗೃಹರಕ್ಷಕರನ್ನು ಕಾನೂನು ಸ್ವಯಂಸೇವಕರೆಂದು ಕರೆಯುತ್ತದೆ. ಕೆಲಸ ಮಾಡಿದ ದಿನಕ್ಕೆ ಮಾತ್ರ ಭತ್ಯೆ. ಇವರ ದಿನಭತ್ಯೆ ಪೊಲೀಸ್ ಸಿಬ್ಬಂದಿಯ ಕನಿಷ್ಠ ವೇತನಕ್ಕೆ ಸಮನಾಗಿರಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಬೇಕಾಯಿತು. ಒಂದೇ ಬಿಸಿಲು, ಒಂದೇ ಬ್ಯಾರಿಕೇಡ್.

ಶಿಕ್ಷಕರಿಗೆ ಮೈಸೂರು ಕೊಟ್ಟ ಗೌರವದ ಕಥೆ ಎಲ್ಲರಿಗೂ ಗೊತ್ತು. 1918ರಿಂದ 1921ರವರೆಗೆ ಸರ್ವೇಪಲ್ಲಿ ರಾಧಾಕೃಷ್ಣನ್ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದರು. ಕಲ್ಕತ್ತೆಗೆ ಹೊರಟ ದಿನ ವಿದ್ಯಾರ್ಥಿಗಳು ಸಾರೋಟಿನ ಕುದುರೆಗಳನ್ನು ಬಿಚ್ಚಿ, ಹೂವಿನಿಂದ ಸಿಂಗರಿಸಿ, ರೈಲು ನಿಲ್ದಾಣದವರೆಗೆ ತಾವೇ ಎಳೆದರು ಎಂದು ಊರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತದೆ. 1962ರಿಂದ ಅವರ ಜನ್ಮದಿನ ಶಿಕ್ಷಕರ ದಿನವಾಯಿತು. ಆ ಸಾರೋಟಿನ ಚಿತ್ರ ನನಗೂ ಪ್ರಿಯವೇ. ಆದರೆ ಅದು ಹೆಸರಾಂತ ಪ್ರಾಧ್ಯಾಪಕರೊಬ್ಬರಿಗೆ ಸಿಕ್ಕ ಗೌರವ. ಕೆ.ಆರ್. ಪೇಟೆಯ ಅಂಚಿನ ಏಕೋಪಾಧ್ಯಾಯ ಶಾಲೆಯಲ್ಲಿ ಕಾಗುಣಿತ ತಿದ್ದಿಸುವವರ ಸಾರೋಟನ್ನು ಯಾರೂ ಎಳೆಯುವುದಿಲ್ಲ. ಬೆಳಗಿನ ಏಳೂವರೆಯ ಬಸ್ ತಪ್ಪದಿದ್ದರೆ ಸಾಕು ಎಂದು ಅವರು ಓಡುತ್ತಿರುತ್ತಾರೆ.

ಸೈನಿಕನ ಫಲ ಒಂದು ಕ್ಷಣದಲ್ಲಿ ಕಾಣುತ್ತದೆ. ಶಿಕ್ಷಕರ ಫಲ ಕಾಣಲು ಇಪ್ಪತ್ತು ವರ್ಷ ಬೇಕು, ಅಷ್ಟರಲ್ಲಿ ಶ್ರೇಯಸ್ಸು ಮಗುವಿಗೂ ಹೆತ್ತವರಿಗೂ ಹಂಚಿಹೋಗಿರುತ್ತದೆ. ಕಾಣದ ಕೆಲಸವನ್ನು ಕೆಲಸವೇ ಅಲ್ಲವೆಂದು ಭಾವಿಸುವುದು ಸುಲಭ. ಹಾಗಾಗಿಯೇ ಶಿಕ್ಷಕರ ಸಮಯ ಯಾರು ಬೇಕಾದರೂ ಎತ್ತಿಕೊಳ್ಳಬಹುದಾದ ಸಾರ್ವಜನಿಕ ಸೊತ್ತಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಬಿಟ್ಟು ಬೇರೆ ಯಾವ ಕೆಲಸಕ್ಕೂ ಶಿಕ್ಷಕರನ್ನು ನಿಯೋಜಿಸಬಾರದು ಎನ್ನುತ್ತದೆ. 2025ರ ಸೆಪ್ಟೆಂಬರ್ 22ರಂದು, ದಸರೆ ಶುರುವಾದ ದಿನವೇ, ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ರಜೆಯಲ್ಲಿದ್ದ ಶಿಕ್ಷಕರು ಮನೆ ಮನೆ ಸುತ್ತಿದರು. ನಿಗದಿತ ದಿನದೊಳಗೆ ಮುಗಿಯದೆ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಹಿಂದುಳಿದವರ ಸ್ಥಿತಿಗತಿಯ ಲೆಕ್ಕ ಬೇಕೇ ಬೇಕು ಎಂಬುದು ನನ್ನ ಗಟ್ಟಿ ನಿಲುವು. ಆದರೆ ನಮ್ಮ ಮನೆಗೆ ಬಂದ ಶಿಕ್ಷಕಿ, ಆ್ಯಪ್ ತೆರೆಯದೆ ಮೊಬೈಲನ್ನು ತಲೆಯ ಮೇಲೆತ್ತಿ ಮಹಡಿ ಮೆಟ್ಟಿಲಲ್ಲಿ ನೆಟ್‌ವರ್ಕ್ ಹುಡುಕುತ್ತಿದ್ದಾಗ, ಪಕ್ಕದ ಮನೆಯವರು ಗೇಟು ತೆಗೆಯದೆಯೇ 'ನಾಳೆ ಬನ್ನಿ' ಎಂದರು. ಒಂದು ಲೋಟ ನೀರು ಕುಡಿದು ಅವರು ಕೇಳಿದ್ದು, "ನಿಮ್ಮ ಮನೆಯ ಮೀಟರ್ ಸಂಖ್ಯೆ ಹೇಳುತ್ತೀರಾ ಸರ್?" ಎಂದು. ಗುರುದೇವೋಭವ ಎಂದು ಮಕ್ಕಳಿಗೆ ಹೇಳಿಕೊಡುವ ಬೀದಿ ನಮ್ಮದು.

ಅವರು ಖಾಯಂ ಶಿಕ್ಷಕಿ. ಅತಿಥಿ ಶಿಕ್ಷಕರ ಸ್ಥಿತಿ ಇನ್ನೂ ಕೆಳಗಿನದು. ಸರ್ಕಾರಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ತಿಂಗಳ ಗೌರವಧನ ಕೆಲವು ವರ್ಷ 10,000 ರೂಪಾಯಿಯಲ್ಲೇ ನಿಂತಿತ್ತು. 2025ರ ಬಜೆಟ್‌ನಲ್ಲಿ 2,000 ಹೆಚ್ಚಿಸುವ ಘೋಷಣೆಯಾಯಿತು. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಮುಂದಿನ ಜೂನ್‌ಗೆ ಮತ್ತೆ ಅರ್ಜಿ, ಮತ್ತೆ ಕಾಯುವಿಕೆ. ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವಾಭದ್ರತೆ ಕೇಳಿ 2024ರ ಹೊಸ ವರ್ಷದ ದಿನ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಅವರಲ್ಲಿ ಕೂದಲು ನರೆತವರಿದ್ದರು. ಅತಿಥಿ ಎಂಬ ಪದಕ್ಕೆ ಇಪ್ಪತ್ತು ವರ್ಷ ಉಳಿದವನು ಎಂಬ ಅರ್ಥ ನಿಘಂಟಿನಲ್ಲಿ ಎಲ್ಲೂ ಇಲ್ಲ.

ಕಳೆದ ಸೆಪ್ಟೆಂಬರ್ 5ರ ಸಂಜೆ ಮಂಡ್ಯದ ಹತ್ತಿರದ ಊರೊಂದರಲ್ಲಿ ಯುವಕರ ಸಂಘದವರು ತಮ್ಮ ಶಾಲೆಯ ಶಿಕ್ಷಕರನ್ನು ಸನ್ಮಾನಿಸಿದರು. ಹುಡುಗರು ಪ್ರೀತಿಯಿಂದ ಚಂದಾ ಎತ್ತಿ ಮಾಡಿದ ಕಾರ್ಯಕ್ರಮ, ನಾನೂ ಸಭೆಯಲ್ಲಿದ್ದೆ. ಏಳು ವರ್ಷದಿಂದ ಅಲ್ಲಿ ಗಣಿತ ಹೇಳಿಕೊಡುತ್ತಿರುವ ಅತಿಥಿ ಶಿಕ್ಷಕಿಯೊಬ್ಬರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಚಪ್ಪಾಳೆ ಬಹಳ ಹೊತ್ತಿನವರೆಗೆ ಕೇಳಿಸುತ್ತಲೇ ಇತ್ತು. ಅವರ ಕಣ್ಣು ಒದ್ದೆಯಾಗಿತ್ತು. ಕಾರ್ಯಕ್ರಮ ಮುಗಿದ ಮೇಲೆ ಪೇಟವನ್ನು ಬುಟ್ಟಿಯ ಮೇಲಿಟ್ಟು, ಶಾಲನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು, ಮುಖ್ಯ ಶಿಕ್ಷಕರ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಕೇಳಿದರು: "ಸರ್, ಜೂನ್ ತಿಂಗಳದ್ದು ಬಂತೇ?" ಅವರು ಇಲ್ಲವೆಂದು ತಲೆಯಾಡಿಸಿದರು. ಶಿಕ್ಷಕಿ ಹಣ್ಣಿನ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು, ಕೊನೆಯ ಬಸ್ ಹಿಡಿಯಲು ನಾಲೆಯ ಏರಿಯ ಮೇಲೆ ಬೇಗ ಬೇಗ ನಡೆದರು.